ಆಟಕ್ಕುಂಟು, ಲೆಕ್ಕಕ್ಕಿಲ್ಲ

ಈಗ ಎಲ್ಲರೂ ಆಟದ ಬಗ್ಗೆ ಮಾತಾಡ್ತಾ ಇದಾರೆ. ದಿಲ್ಲಿಯವರು ಮಾತಾಡ್ತಾರೆ, ಬೆಂಗಳೂರಿನವರು ಮಾತಾಡ್ತಾರೆ. ಮಗು ಆಡುತ್ತಲೇ ಕಲಿಯುತ್ತದೆ, ಆಟವೇ ಮಗುವಿನ ಕೆಲಸ, ಆಟವಿಲ್ಲದ ಬಾಲ್ಯ ಬಾಲ್ಯವೇ ಅಲ್ಲ ಅಂತೆಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸಬೇಕು ಅಂತು. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಗೆ ಆಟವೇ ನಡುಗಂಬ ಅಂತು. 2023ರಲ್ಲಿ 'ಜಾದೂಯಿ ಪಿಟಾರ' ಅಂತ ಒಂದು ಮಾಯಾಪೆಟ್ಟಿಗೆಯನ್ನೇ ಬಿಡುಗಡೆ ಮಾಡಿದರು. ಅದರೊಳಗೆ ಗೊಂಬೆ, ಒಗಟು, ಚಿತ್ರಪಟ, ಆಟದ ಸಾಮಾನು. 2024ರಲ್ಲಿ ವಿಶ್ವಸಂಸ್ಥೆ ಜೂನ್ 11ನ್ನು ಅಂತರರಾಷ್ಟ್ರೀಯ ಆಟದ ದಿನ ಎಂದು ಘೋಷಿಸಿತು.

ಸಂತೋಷ, ಸ್ವಾಮಿ. ಮಕ್ಕಳು ಆಡಲಿ ಅಂದರೆ ಬೇಡ ಅನ್ನೋ ಪಾಪಿಗಳು ನಾವಲ್ಲ. ಆದರೆ ನಮ್ಮದೊಂದು ಪ್ರಶ್ನೆ ಇದೆ. ಯಾವ ಮಗು? ಯಾವ ಬಯಲಲ್ಲಿ? ಯಾರ ಜೊತೆ? ಎಷ್ಟು ಹೊತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರ ಹೇಳದೆ ಆಟದ ಬಗ್ಗೆ ಮಾತಾಡೋದು ಅಂದರೆ ಬರಗಾಲದಲ್ಲಿ ಅಡುಗೆ ಪುಸ್ತಕ ಹಂಚಿದ ಹಾಗೆ.

ನಮ್ಮ ಕಡೆ ಮಕ್ಕಳ ಆಟದಲ್ಲಿ ಒಂದು ಪದ್ಧತಿ ಇದೆ. ತೀರಾ ಚಿಕ್ಕ ಕೂಸೊಂದು ಅತ್ತುಕೊಂಡು ಬಂದರೆ ಅದನ್ನೂ ಸೇರಿಸಿಕೊಳ್ತಾರೆ. ಅದು ಓಡಬಹುದು, ಕೂಗಬಹುದು, ಬೀಳಬಹುದು. ಆದರೆ ಅದು ಗೆದ್ದರೆ ಗೆಲುವಲ್ಲ, ಸೋತರೆ ಸೋಲಲ್ಲ. ಅದಕ್ಕೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರೆ. ಅದು ಮಕ್ಕಳ ಕರುಣೆ. ಆ ಕೂಸು ಮುಂದಿನ ವರ್ಷ ಲೆಕ್ಕಕ್ಕೆ ಬರುತ್ತೆ. ಈ ದೇಶದ ಶಿಕ್ಷಣದಲ್ಲಿ ನಮ್ಮ ಕೇರಿಯ ಮಕ್ಕಳ ಪಾಡೂ ಅದೇ. ಹಾಜರಿ ಪುಸ್ತಕದಲ್ಲಿ ಹೆಸರುಂಟು, ಬಿಸಿಯೂಟದ ಪಟ್ಟಿಯಲ್ಲಿ ಹೆಸರುಂಟು, ಮಂತ್ರಿಗಳ ಭಾಷಣದಲ್ಲಿ ಹೆಸರುಂಟು. ಲೆಕ್ಕಕ್ಕೆ ಮಾತ್ರ ಇಲ್ಲ. ವ್ಯತ್ಯಾಸ ಒಂದೇ. ಇಲ್ಲಿ ಮುಂದಿನ ವರ್ಷ ಅನ್ನೋದು ಬರೋದೇ ಇಲ್ಲ.

*

ನಾವು ಆಡಲಿಲ್ಲವೇ? ಆಡಿದೆವು. ಯಾರೂ ಕಲಿಸದೆ, ಯಾವ ಪೆಟ್ಟಿಗೆಯೂ ಇಲ್ಲದೆ ಆಡಿದೆವು. ನಮ್ಮಲ್ಲಿ ಬಹಳ ಜನ ಏಳೆಂಟನೇ ವಯಸ್ಸಿಗೇ ಒಡೆಯರ ಮನೆಯ ದನದ ಹಿಂದೆ ಹೋದವರು. ದನ ಮೇಯೋಕೆ ಬಿಟ್ಟು ಮರಕೋತಿ ಆಡಿದೆವು. ಜಾಲಿಯ ರೆಂಬೆ ಮುರಿದು ಚಿನ್ನಿದಾಂಡು ಮಾಡಿಕೊಂಡೆವು. ಹರಿದ ಬಟ್ಟೆ ಸುತ್ತಿ ಚೆಂಡು ಮಾಡಿದೆವು. ಒಡೆದ ಹೆಂಚು ಕುಂಟೆಬಿಲ್ಲೆ ಆಯಿತು, ಸವೆದ ಸೈಕಲ್ ಟೈರು ನಮ್ಮ ಕಾರಾಯಿತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನ ಕಲ್ಲಿಗೆ ತೇಯ್ದು ಎರಡು ಹೋಳು ಮಾಡಿ ಚೌಕಾಬಾರ ಹಾಕಿದೆವು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಮಕಾಡೆ ಬಿದ್ದರೆ ಬಾರ, ಎಂಟು. ಯಾವ ಕಾಯಿ ಎಷ್ಟು ಮನೆ ದಾಟಬೇಕು, ಯಾರ ಕಾಯಿ ಹೊಡೆಯಬೇಕು, ಯಾವುದನ್ನ ಕಟ್ಟೆಮನೆಯಲ್ಲಿ ಬಚಾವು ಮಾಡಬೇಕು — ಇದೆಲ್ಲ ಲೆಕ್ಕವಲ್ಲದೆ ಮತ್ತೇನು? ಚಿನ್ನಿ ಬಿದ್ದ ಜಾಗದಿಂದ ಗುಳಿತನಕ ದಾಂಡಿನಲ್ಲಿ ಅಳೆದು ಎಣಿಸುವ ಹುಡುಗನಿಗೆ ಅಳತೆ ಗೊತ್ತಿಲ್ಲ ಅಂತ ಹೇಳೋರು ಯಾರು? ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಬೀಜ ಹಂಚುತ್ತಾ, ಎಲ್ಲಿ ಖಾಲಿ ಬರುತ್ತೆ, ಎಲ್ಲಿ ಪೈರು ಸಿಗುತ್ತೆ ಅಂತ ಮೊದಲೇ ಕಣ್ಣಲ್ಲೇ ಲೆಕ್ಕ ಹಾಕುವ ಹುಡುಗಿ ಅದೇ ಶಾಲೆಯಲ್ಲಿ ಗಣಿತದಲ್ಲಿ ಫೇಲು. ಅವಳು ದಡ್ಡಿಯಲ್ಲ. ಶಾಲೆ ಅವಳ ಲೆಕ್ಕವನ್ನ ಲೆಕ್ಕ ಅಂತ ಒಪ್ಪಲಿಲ್ಲ, ಅಷ್ಟೆ.

ಆಟದಲ್ಲಿ ನಾವು ಇನ್ನೂ ದೊಡ್ಡದೊಂದನ್ನ ಕಲಿತೆವು. ನಿಯಮ ಅನ್ನೋದು ದೇವರು ಕೊಟ್ಟದ್ದಲ್ಲ, ಕೂತು ಮಾತಾಡಿ ಮಾಡಿಕೊಳ್ಳೋದು ಅಂತ. ಜಗಳ ಬಂದರೆ ಆಟ ನಿಲ್ಲಿಸಿ, ವಾದ ಮಾಡಿ, ಎಲ್ಲರೂ ಒಪ್ಪಿದ ಮೇಲೆ ಮತ್ತೆ ಶುರು. ಮೋಸ ಮಾಡಿದವನನ್ನ ಹೊರಗೆ ಹಾಕೋದು, ನಾಳೆ ಮತ್ತೆ ಸೇರಿಸಿಕೊಳ್ಳೋದು. ಇದಕ್ಕಿಂತ ದೊಡ್ಡ ಸಂವಿಧಾನದ ಪಾಠ ಯಾವ ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ? ಆಡುವಾಗ ಮಗು ತನ್ನ ದಿನನಿತ್ಯದ ವಯಸ್ಸಿಗಿಂತ ಮುಂದೆ ಹೋಗಿ ನಿಲ್ಲುತ್ತದೆ ಎಂದು ರಷ್ಯದ ವೈಗಾಟ್‌ಸ್ಕಿ 1933ರಲ್ಲೇ ಉಪನ್ಯಾಸದಲ್ಲಿ ಹೇಳಿದ್ದರು. ತನಗೆ ತಾನೇ ನಿಯಮ ಹಾಕಿಕೊಂಡು, ಆಸೆಯನ್ನ ತಡೆದುಕೊಂಡು, ಕೋಲನ್ನು ಕುದುರೆ ಅಂದುಕೊಳ್ಳುವ ಮಗು ಯೋಚನೆ ಮಾಡೋದನ್ನ ಕಲೀತಾ ಇದೆ ಅನ್ನೋದು ಅವರ ವಾದ. ಕೋಲನ್ನು ಕುದುರೆ ಅಂದುಕೊಳ್ಳಬಲ್ಲವನು ನಾಳೆ ಇರುವ ಊರನ್ನು ಬೇರೆ ಊರು ಅಂದುಕೊಳ್ಳಬಲ್ಲ. ಅದಕ್ಕೇ ಒಡೆಯರಿಗೆ ನಮ್ಮ ಮಕ್ಕಳ ಆಟ ಕಂಡರೆ ಸಿಟ್ಟು.

ಸಿಟ್ಟು ಅಂದೆವು. ಅದು ಬಾಯಿಮಾತಲ್ಲ. 'ಆಡೋಕೆ ಬಿಟ್ಟರೆ ಈ ಹೈಕಳು ಕೆಟ್ಟೋಯ್ತವೆ' ಅನ್ನೋ ಮಾತನ್ನ ಕೇಳದೆ ಬೆಳೆದ ಕೇರಿಯ ಮಗು ಇಲ್ಲ. ಒಡೆಯರ ಮಗ ಆಡಿದರೆ ಅದು ಚೂಟಿತನ. ನಮ್ಮ ಮಗ ಆಡಿದರೆ ಅದು ಸೋಮಾರಿತನ. ಅವನು ಪ್ರಶ್ನೆ ಕೇಳಿದರೆ ಬುದ್ಧಿವಂತಿಕೆ, ಇವನು ಕೇಳಿದರೆ ಅಧಿಕಪ್ರಸಂಗ. ಒಂದೇ ಆಟ, ಒಂದೇ ವಯಸ್ಸು, ಎರಡು ಹೆಸರು.

*

ಮುಟ್ಟಾಟ ನಿಮಗೆಲ್ಲ ಗೊತ್ತು. ಒಬ್ಬ ಕಳ್ಳ. ಅವನು ಅಟ್ಟಿಸಿಕೊಂಡು ಬಂದು ಯಾರನ್ನ ಮುಟ್ಟುತ್ತಾನೋ ಅವರು ಕಳ್ಳ. ಮುಟ್ಟಿದವನು ಬಿಡುಗಡೆ. ಮೈಮುಟ್ಟದೆ ಆಟ ಇಲ್ಲ. ಹೆಗಲ ಮೇಲೆ ಕೈ ಹಾಕದೆ, ಕಾಲು ಎಳೆಯದೆ, ಒಬ್ಬರ ಮೇಲೊಬ್ಬರು ಬೀಳದೆ ಮಕ್ಕಳ ಆಟ ಅನ್ನೋದೇ ಇಲ್ಲ. ಜಾತಿ ನಿಂತಿರೋದು ಮುಟ್ಟಬಾರದು ಅನ್ನೋದರ ಮೇಲೆ, ಆಟ ನಿಂತಿರೋದು ಮುಟ್ಟೋದರ ಮೇಲೆ. ಇವೆರಡೂ ಒಂದೇ ಊರಲ್ಲಿ ಸುಖವಾಗಿ ಇರೋಕೆ ಸಾಧ್ಯವಿಲ್ಲ. ಒಂದೋ ಜಾತಿ ಆಟವನ್ನ ಕೊಲ್ಲುತ್ತೆ, ಇಲ್ಲ ಆಟ ಜಾತಿಯನ್ನ ಕೊಲ್ಲುತ್ತೆ.

ದನ ಕಾಯುವ ಬಯಲಲ್ಲಿ ಒಡೆಯರ ಮಗನೂ ನಮ್ಮ ಜೊತೆ ಆಡುತ್ತಿದ್ದ. ನಮ್ಮ ಬೆನ್ನ ಮೇಲೆ ಕೂತ, ನಾವು ಅವನ ಬೆನ್ನ ಮೇಲೆ ಕೂತೆವು. ಸಂಜೆ ಊರ ಬೀದಿಗೆ ಬಂದ ಕೂಡಲೇ ಅವನು ಜಗುಲಿ ಹತ್ತಿದ, ನಾವು ಬೀದಿಯಲ್ಲಿ ನಿಂತೆವು. 'ಬುದ್ಧೀ' ಅನ್ನಬೇಕಾಯಿತು. ಬಯಲಲ್ಲಿ ಗೆಳೆಯ, ಬೀದಿಯಲ್ಲಿ ಒಡೆಯ. ಒಂದು ಮಗು ತನ್ನ ಜಾತಿಯನ್ನ ಪುಸ್ತಕದಿಂದ ಕಲಿಯೋಲ್ಲ. ಬಯಲಿಂದ ಬೀದಿಗೆ ಬರುವ ಆ ನೂರು ಹೆಜ್ಜೆಯಲ್ಲಿ ಕಲಿಯುತ್ತೆ. ಒಡೆಯರ ಮಗನೂ ಅಲ್ಲೇ ಕಲಿತ. ಅವನೂ ಒಬ್ಬ ಗೆಳೆಯನನ್ನ ಅಲ್ಲೇ ಕಳೆದುಕೊಂಡ. ಆ ನಷ್ಟದ ಲೆಕ್ಕವನ್ನೂ ಯಾರೂ ಬರೆದಿಟ್ಟಿಲ್ಲ.

ಮುಟ್ಟಾಟದಲ್ಲಿ ಕಳ್ಳ ಬದಲಾಗ್ತಾ ಇರ್ತಾನೆ. ಅದೇ ಆ ಆಟದ ನ್ಯಾಯ. ಊರಿನ ಮುಟ್ಟಾಟದಲ್ಲಿ ಸಾವಿರಾರು ವರ್ಷದಿಂದ ನಾವೇ ಕಳ್ಳರು. ನಾವು ಮುಟ್ಟಿದರೂ ನಾವೇ ಕಳ್ಳರು, ಅವರು ಮುಟ್ಟಿದರೂ ನಾವೇ ಕಳ್ಳರು.

ಇದು ಹಳೇ ಕಾಲದ ಕತೆ, ಈಗೆಲ್ಲಿದೆ ಅಂತೀರಾ? ಈಗಿನ ಕತೆಯನ್ನೇ ಹೇಳ್ತೀವಿ, ಕೇಳಿ.

2021ರ ಸೆಪ್ಟೆಂಬರ್. ಕೊಪ್ಪಳ ಜಿಲ್ಲೆಯ ಮಿಯಾಪುರ. ಒಂದು ಪುಟ್ಟ ದಲಿತ ಮಗುವಿನ ಹುಟ್ಟುಹಬ್ಬ. ಅಪ್ಪ ಹನುಮಂತನ ಗುಡಿಯ ಹೊರಗೆ ನಿಂತು ಕೈಮುಗಿಯೋಕೆ ಮಗುವನ್ನ ಕರಕೊಂಡು ಹೋದ. ಮಗು ಓಡಿತು. ಮಗು ಮತ್ತೇನು ಮಾಡುತ್ತೆ? ಗುಡಿಯೊಳಕ್ಕೆ ಓಡಿತು. ಗುಡಿ ಮೈಲಿಗೆಯಾಯಿತು ಅಂತ ಶುದ್ಧಿಯ ಖರ್ಚಿಗೆ ಇಪ್ಪತ್ತು ಸಾವಿರಕ್ಕೂ ಮೀರಿ ದಂಡ ಕೇಳಿದರು. ಮರುವರ್ಷ, 2022ರ ಸೆಪ್ಟೆಂಬರ್. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಊರದೇವತೆಯ ಉತ್ಸವದ ಕೋಲನ್ನ ಒಬ್ಬ ದಲಿತ ಹುಡುಗ ಮುಟ್ಟಿದ. ಅರವತ್ತು ಸಾವಿರ ದಂಡ. 2023ರ ಜೂನ್. ಗುಜರಾತಿನ ಪಾಟಣ ಜಿಲ್ಲೆಯ ಕಾಕೋಶಿ. ಶಾಲೆಯ ಬಯಲಲ್ಲಿ ದೊಡ್ಡವರ ಕ್ರಿಕೆಟ್ಟು. ನೋಡೋಕೆ ಬಂದಿದ್ದ ಒಬ್ಬ ದಲಿತ ಹುಡುಗ ಚೆಂಡು ಎತ್ತಿಕೊಂಡ. ಬೈಗುಳ ಬಂತು, ಅವನ ಕಡೆಯವರು ಯಾಕೆ ಅಂತ ಕೇಳಿದರು. ಸಂಜೆ ಗುಂಪು ಕಟ್ಟಿಕೊಂಡು ಬಂದು ಆ ಮನೆಯವರೊಬ್ಬರ ಹೆಬ್ಬೆರಳು ಕತ್ತರಿಸಿದರು. ಹೆಬ್ಬೆರಳೇ ಯಾಕೆ ಅಂತ ನಾವು ಯಾರನ್ನೂ ಕೇಳಬೇಕಾಗಿಲ್ಲ. ಏಕಲವ್ಯನ ಕತೆಯನ್ನ ಗುರುಭಕ್ತಿಯ ಪಾಠ ಅಂತ ಮಕ್ಕಳಿಗೆ ಹೇಳಿಕೊಟ್ಟವರನ್ನ ಕೇಳಿ.

ಓಡಿದ್ದು, ಮುಟ್ಟಿದ್ದು, ಚೆಂಡು ಎತ್ತಿದ್ದು. ಈ ಮೂರೂ ಅಪರಾಧಗಳನ್ನ ಮತ್ತೊಮ್ಮೆ ಓದಿ. ಇವಕ್ಕೆ ಇನ್ನೊಂದು ಹೆಸರಿದೆ. ಆಟ.

*

ಚೆಂಡಿನ ಮಾತು ಬಂತು. ಪಾಲ್ವಂಕರ್ ಬಾಳೂ ಅವರ ಹೆಸರನ್ನ ನಮ್ಮ ಎಷ್ಟು ಮೇಷ್ಟ್ರುಗಳು ಮಕ್ಕಳಿಗೆ ಹೇಳಿದ್ದೀರಿ? ಚಮ್ಮಾರ ಜಾತಿಯಲ್ಲಿ ಹುಟ್ಟಿದವರು, ಹುಟ್ಟಿದ ಊರು ನಮ್ಮ ಧಾರವಾಡ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಕೂಲಿಗೆ ಪಿಚ್ಚು ಉರುಳಿಸುವ, ಬಲೆ ಕಟ್ಟುವ ಕೆಲಸ. ಸಾಹೇಬರಿಗೆ ಅಭ್ಯಾಸ ಆಗಲಿ ಅಂತ ಗಂಟೆಗಟ್ಟಲೆ ಚೆಂಡೆಸೆದರು. ಬ್ಯಾಟನ್ನ ಮಾತ್ರ ಅವರ ಕೈಗೆ ಕೊಡಲಿಲ್ಲ. ಎಸೆಯೋದು ಇವರದು, ಹೊಡೆಯೋದು ಅವರದು. ಬಿಳಿಯರನ್ನ ಗೆಲ್ಲಬೇಕು ಅನ್ನೋ ಆಸೆಗೆ ಹಿಂದೂಗಳ ತಂಡ ಬಾಳೂವನ್ನ ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಎಸೆದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾ ವೇಳೆಗೆ ಮಾತ್ರ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಅದೇ ಬಾಳೂ 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮೀರಿ ವಿಕೆಟ್ಟು ಕಿತ್ತರು. ನಾಯಕತ್ವ ಅವರಿಗೆ ಬರಲಿಲ್ಲ. ತಮ್ಮ ವಿಠ್ಠಲ ಹಿಂದೂ ತಂಡದ ನಾಯಕನಾಗೋಕೆ 1923ರವರೆಗೆ ಕಾಯಬೇಕಾಯಿತು. ಬಾಳೂ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಂತರು ಅನ್ನೋದು ನಮಗೆ ಗೊತ್ತು. ಆ ರಾಜಕಾರಣದ ಲೆಕ್ಕ ಬೇರೆ. ಆದರೆ ಆ ಕುಡಿಕೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಬಾಬಾಸಾಹೇಬರು ತಮ್ಮ ಶಾಲೆಯ ದಿನಗಳನ್ನ ನೆನೆದು ಬರೆದಿದ್ದಾರೆ. ಕೂರೋಕೆ ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕು. ಬಾಯಾರಿದರೆ ನಲ್ಲಿ ತಿರುಗಿಸೋಕೆ ಜವಾನ ಬರಬೇಕು. ಜವಾನ ಇಲ್ಲದಿದ್ದರೆ ನೀರಿಲ್ಲ. ಓಡಿ ಆಡಿ ಬಂದ ಮಗುವಿಗೆ ಮೊದಲು ಬೇಕಾದ್ದು ನೀರು. ನೀರು ಸಿಗೋಲ್ಲ ಅಂತ ಗೊತ್ತಿರೋ ಮಗು ಎಷ್ಟು ಹೊತ್ತು ಓಡೀತು? ಈ ಸಣ್ಣ ಪ್ರಶ್ನೆಯನ್ನ ಆಟದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದ ಪಂಡಿತರು ಕೇಳಿಕೊಂಡಿಲ್ಲ. ಆಟ ಅಂದರೆ ಗೊಂಬೆಯಲ್ಲ. ಆಟ ಅಂದರೆ ಬಿಡುವು, ಬಯಲು, ಹೊಟ್ಟೆಗೆ ಒಂದು ತುತ್ತು, ಬಾಯಿಗೆ ಒಂದು ಗುಟುಕು ನೀರು, ಹೆಗಲಿಗೆ ಒಂದು ಕೈ. ಇಷ್ಟಿದ್ದರೆ ಮಗು ಕಲ್ಲಿನಲ್ಲೂ ಆಡುತ್ತೆ. ಇದರಲ್ಲಿ ಒಂದು ಇಲ್ಲದಿದ್ದರೂ ಮಾಯಾಪೆಟ್ಟಿಗೆ ಬರೀ ಪೆಟ್ಟಿಗೆ.

*

ಇನ್ನು ಶಾಲೆಯ ಮಾತು. ಮಾರಿಯಾ ಮಾಂಟೆಸೊರಿ 1907ರಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ಎಲ್ಲಿ? ರೋಮ್ ನಗರದ ಸಾನ್ ಲೊರೆಂಜೊ ಅನ್ನೋ ಬಡವರ ಬೀದಿಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದಾಗ ಬೀದಿಪಾಲಾಗಿದ್ದ ಮಕ್ಕಳಿಗೆ. 1939ರಲ್ಲಿ ಆಕೆ ಭಾರತಕ್ಕೂ ಬಂದರು, ಯುದ್ಧದ ವರ್ಷಗಳನ್ನ ಇಲ್ಲೇ ಕಳೆದರು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಈಗ ಆಕೆಯ ಹೆಸರಿನ ಬೋರ್ಡು ಎಲ್ಲಿದೆ ನೋಡಿ. ಪಟ್ಟಣದ ದೊಡ್ಡ ಗೇಟಿನ ಮೇಲೆ. ಒಳಗೆ ಕಾಲಿಡೋಕೆ ಕೂಲಿಯವನ ವರ್ಷದ ದುಡಿಮೆ ಸಾಲೋಲ್ಲ. ಕೂಲಿಯವರ ಮಕ್ಕಳಿಗೆ ಅಂತ ಹುಟ್ಟಿದ ಆಟದ ಶಾಲೆ ಕೂಲಿಯವರ ಮಕ್ಕಳನ್ನೇ ಹೊರಗಿಟ್ಟಿತು. ಬಂಡವಾಳಶಾಹಿಗೆ ಯಾವುದೂ ವರ್ಜ್ಯವಲ್ಲ. ಆಟವನ್ನೂ ಕೊಳ್ಳುತ್ತೆ, ಮಾರುತ್ತೆ.

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಆಗಲೇ ಇಲ್ಲವೇ? ಆಗಿದೆ. ಸತ್ಯ ಹೇಳಬೇಕು. ಅಂಗನವಾಡಿ 1975ರ ಅಕ್ಟೋಬರ್ 2ರಂದು ಈ ರಾಜ್ಯದಲ್ಲಿ ಮೊದಲು ಬಾಗಿಲು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಶುರುವಾಯಿತು. ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಬೆತ್ತ ಕೆಳಗಿಟ್ಟರು, ಕುರ್ಚಿ ಬಿಟ್ಟು ನೆಲಕ್ಕಿಳಿದು ಮಕ್ಕಳ ನಡುವೆ ಕೂತರು. ಮೇಷ್ಟ್ರು ನೆಲಕ್ಕಿಳಿದದ್ದು ಸಣ್ಣ ಕ್ರಾಂತಿಯಲ್ಲ. ಎತ್ತರದಲ್ಲಿ ಕೂತವನು ಕೆಳಗೆ ಬಂದು ಕೂತರೆ ಮಗುವಿಗೆ ಮಾತು ಬರುತ್ತೆ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹರಡುತ್ತಾ ಹರಡುತ್ತಾ ಏನಾಯಿತು? ಮೇಷ್ಟ್ರು ಕಟ್ಟಿದ ಆಟ ಇಲಾಖೆಯ ಆದೇಶವಾಯಿತು. ಎರಡು ಮೂರು ತರಗತಿ ಒಟ್ಟಿಗೆ ಕೂರಿಸಬಹುದು ಅನ್ನೋದು ಒಬ್ಬನೇ ಮೇಷ್ಟ್ರಿಗೆ ಎಲ್ಲ ಹೊರಿಸೋಕೆ ನೆಪವಾಯಿತು. ನಲಿಯೋಕೆ ಬಿಡುವಿಲ್ಲದ ಮೇಷ್ಟ್ರು ನಲಿಸೋದು ಹೇಗೆ? ಗಣತಿ ಅವನೇ ಮಾಡಬೇಕು, ಚುನಾವಣೆ ಅವನೇ ಮಾಡಬೇಕು, ಬಿಸಿಯೂಟದ ಲೆಕ್ಕ ಅವನೇ ಬರೆಯಬೇಕು. ಅಂಗನವಾಡಿಯ ಅಕ್ಕನನ್ನಂತೂ ಇವತ್ತಿಗೂ ನೌಕರಳು ಅಂತ ಕರೆಯೋಲ್ಲ, ಕಾರ್ಯಕರ್ತೆ ಅಂತಾರೆ. ಸಂಬಳ ಅನ್ನೋಲ್ಲ, ಗೌರವಧನ ಅಂತಾರೆ. ಗೌರವವೂ ಇಲ್ಲ, ಧನವೂ ಇಲ್ಲ. ಅವಳ ಕೈಗೆ ಆಟದ ಪೆಟ್ಟಿಗೆ ಕೊಟ್ಟು ದೇಶದ ಬುನಾದಿ ಕಟ್ಟು ಅಂತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಓದಿ. ಶಾಲೆಗೆ ಆಟದ ಮೈದಾನ ಇರಬೇಕು, ತರಗತಿಗೆ ಆಟದ ಸಾಮಾನು ಇರಬೇಕು ಅಂತ ಬರೆದಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನ ಹಕ್ಕು ಅಂತ ಕರೆಯುತ್ತೆ. ಭಾರತ 1992ರಲ್ಲಿ ಅದನ್ನ ಒಪ್ಪಿಕೊಂಡಿದೆ. ಹಕ್ಕು ಅಂದ ಮೇಲೆ ಅದು ಬಹುಮಾನ ಅಲ್ಲ. ಚೆನ್ನಾಗಿ ಓದಿದವನಿಗೆ ಮಾತ್ರ ಆಟ, ಲೆಕ್ಕ ತಪ್ಪಿದವನು ಒಳಗೇ ಕೂತು ಬರೀಬೇಕು ಅನ್ನೋ ಮೇಷ್ಟ್ರೇ, ನೀವು ಕಿತ್ತುಕೊಳ್ತಾ ಇರೋದು ಆ ಮಗುವಿನ ಹಕ್ಕು.

ಇನ್ನೊಂದು ದೃಶ್ಯ ನೋಡಿ. ಆಟದ ಪೀರಿಯಡ್ಡು. ಬೆಲ್ಲು ಹೊಡೆಯಿತು. ಮೇಲಿನ ಬೀದಿಯ ಹುಡುಗರು ವಾಲಿಬಾಲು ಹಿಡಿದು ಬಯಲಿಗೆ ಓಡಿದರು. 'ಲೇ, ನೀವಿಬ್ಬರು ಬನ್ರೋ ಇಲ್ಲಿ' ಅಂತ ಕೂಗು. ಯಾರಿಬ್ಬರು ಅಂತ ಹೆಸರು ಹೇಳಬೇಕಾಗಿಲ್ಲ. ಪೊರಕೆ ಯಾರ ಕೈಗೆ ಬರುತ್ತೆ ಅಂತ ಪೊರಕೆಗೇ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೇ ಇಳಿಸಿದ ಸುದ್ದಿ ಬಂದಾಗ ರಾಜ್ಯವೆಲ್ಲ ಬೆಚ್ಚಿಬಿತ್ತು. ನಾವು ಬೆಚ್ಚಲಿಲ್ಲ. ಗುಂಡಿಗೆ ಇಳಿಸುವ ಕೈ ಒಂದೇ ದಿನದಲ್ಲಿ ತಯಾರಾಗೋಲ್ಲ. ಅದು ಆಟದ ಪೀರಿಯಡ್ಡಿನಲ್ಲಿ ಪೊರಕೆ ಕೊಟ್ಟು ಕೊಟ್ಟು ಪಳಗಿರುತ್ತೆ.

*

ಇಲ್ಲಿ ನಮ್ಮ ಗೆಳೆಯರೇ ಕೆಲವರು ಎದ್ದು ನಿಲ್ಲುತ್ತಾರೆ. 'ಏನ್ರೀ ಇದು, ಭೂಮಿ ಇಲ್ಲ, ಕೂಲಿ ಇಲ್ಲ, ದೌರ್ಜನ್ಯ ನಿಂತಿಲ್ಲ, ನೀವು ಗೋಲಿ ಬುಗುರಿ ಅಂತ ಕೂತಿದ್ದೀರಲ್ಲ' ಅಂತಾರೆ. ಈ ಮಾತಿಗೆ ನಾವು ಉತ್ತರ ಹೇಳಲೇಬೇಕು.

ಭೂಮಿಯ ಪ್ರಶ್ನೆಗೂ ಆಟದ ಪ್ರಶ್ನೆಗೂ ಬೇಲಿ ಹಾಕಿದವರು ಯಾರು? ನಮ್ಮ ಮಕ್ಕಳು ಆಡುತ್ತಿದ್ದ ಗೋಮಾಳ ಎಲ್ಲಿ ಹೋಯಿತು? ಒತ್ತುವರಿಯಾಯಿತು. ಕೆರೆಯಂಗಳ ಎಲ್ಲಿ ಹೋಯಿತು? ಲೇಔಟಾಯಿತು. ಕೇರಿಯಲ್ಲಿ ಮನೆಗೂ ಮನೆಗೂ ನಡುವೆ ಕೈ ಚಾಚುವಷ್ಟು ಜಾಗ, ಅದರಲ್ಲೂ ಊರಿನ ಚರಂಡಿ. ಅಲ್ಲಿ ಮಗು ಬುಗುರಿ ಬಿಡೋಕೂ ಜಾಗವಿಲ್ಲ. ಆಟದ ಬಯಲು ಕೇಳೋದು ಅಂದರೆ ಭೂಮಿ ಕೇಳೋದೇ.

ಕೂಲಿಯ ಪ್ರಶ್ನೆಗೂ ಹೀಗೇ. 1976ರಲ್ಲಿ ಜೀತ ರದ್ದಾಯಿತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2016ರಲ್ಲಿ ತಿದ್ದಿದರು; ಹದಿನಾಲ್ಕರ ಒಳಗಿನ ಮಕ್ಕಳಿಗೆ ಎಲ್ಲ ದುಡಿಮೆಯೂ ನಿಷೇಧ ಅಂದರು. ಅಂದು ಸುಮ್ಮನಾಗಲಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಕಸುಬಿನಲ್ಲಿ ನೆರವಾಗಬಹುದು ಅಂತ ಒಂದು ಕಿಂಡಿ ಬಿಟ್ಟರು. ಶಾಲೆ ಬಿಟ್ಟ ಮೇಲಿನ ಹೊತ್ತು ಯಾವುದು ಗೆಳೆಯರೇ? ಆಟದ ಹೊತ್ತು. ರಜೆ ಯಾವುದು? ಆಟದ ದಿನ. ಕಾನೂನು ಮಗುವಿನ ಓದಿನ ಹೊತ್ತನ್ನ ಕಾದಿತು, ಆಟದ ಹೊತ್ತನ್ನ ಕಸುಬಿಗೆ ಬರೆದುಕೊಟ್ಟಿತು. ಮನೆಯ ಕಸುಬು ಅಂದರೆ ಯಾರಿಗೆ ಏನು? ವ್ಯಾಪಾರಿಯ ಮಗನಿಗೆ ಅಂಗಡಿಯ ಗಲ್ಲಾ. ನಮ್ಮ ಮಗನಿಗೆ ಚರ್ಮ, ಇಟ್ಟಿಗೆ, ಬೀಡಿ, ಪೊರಕೆ. ಜಾತಿಯ ಕಸುಬು ಅಪ್ಪನಿಂದ ಮಗನಿಗೆ ದಾಟೋದು ಆ ಸಂಜೆಯ ಹೊತ್ತಲ್ಲೇ. ಆ ಸಂಜೆಯಲ್ಲಿ ಮಗ ಆಟಕ್ಕೆ ಹೋದರೆ ಕಸುಬು ತಪ್ಪುತ್ತೆ. ತಪ್ಪಲಿ ಅಂತಲೇ ನಾವು ಹೇಳ್ತಿರೋದು.

ಹೊಟ್ಟೆ ಮೊದಲು, ಆಟ ಆಮೇಲೆ ಅನ್ನೋ ಮಾತನ್ನ ನಾವು ಒಪ್ಪೋಲ್ಲ. ಹೊಟ್ಟೆಗೆ ಮಾತ್ರ ಬದುಕುವ ಪ್ರಾಣಿ ಅಂತ ನಮ್ಮನ್ನ ಕರೆದವರು ಬೇರೆಯವರು. ಆ ಮಾತನ್ನ ನಾವೇ ನಮ್ಮ ಮಕ್ಕಳಿಗೆ ಹೇಳೋದು ಬೇಡ.

*

ಬೇರೆಯವರಿಗೆ ಹೇಳಿದ್ದಾಯಿತು. ಈಗ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳೋಣ.

ಕೇರಿಯಲ್ಲಿ ಅಣ್ಣ ಬುಗುರಿ ಆಡ್ತಾನೆ. ಅವನ ತಂಗಿ, ಅವನಿಗಿಂತ ಚಿಕ್ಕವಳು, ಸೊಂಟದ ಮೇಲೆ ಕೂಸು ಇಟ್ಟುಕೊಂಡು ನಿಂತು ನೋಡ್ತಾಳೆ. ಅವ್ವ ಕೂಲಿಗೆ ಹೋಗಿದಾಳೆ, ಕೂಸು ನೋಡೋರು ಯಾರು? ಹುಡುಗಿ. ನೀರು ತರೋರು ಯಾರು? ಹುಡುಗಿ. ಮೈನೆರೆದ ಮೇಲಂತೂ ಅವಳು ಓಡಿದರೇ ತಪ್ಪು. ನಮ್ಮ ಹೆಣ್ಣುಮಕ್ಕಳಿಗೆ ಬಾಲ್ಯ ಅನ್ನೋದು ಎರಡು ಬಿಂದಿಗೆಯ ನಡುವಿನ ದಾರಿ. ಆ ದಾರಿಯಲ್ಲೇ ಅವರು ಕಲ್ಲಾಟ ಆಡಿದರು, ಬಿಂದಿಗೆ ಕೆಳಗಿಟ್ಟು. ನಾವು ಗಂಡಸರು ವೇದಿಕೆಯ ಮೇಲೆ ಸಮಾನತೆಯ ಮಾತಾಡಿ ಮನೆಗೆ ಬಂದು 'ಏ ಹುಡುಗಿ, ಆಡಿದ್ದು ಸಾಕು, ನೀರು ತಾ' ಅಂದಿಲ್ಲವೇ? ಅಂದಿದ್ದೇವೆ.

ಎರಡು ಕೇರಿಗಳ ನಡುವೆ ಮಕ್ಕಳನ್ನ ಒಟ್ಟಿಗೆ ಆಡೋಕೆ ಬಿಟ್ಟಿದ್ದೇವೆಯೇ? ಮೇಲಿನವರು ನಮ್ಮನ್ನ ಮುಟ್ಟೋಲ್ಲ ಅಂತ ಕೂಗುವ ನಾವು 'ಆ ಕೇರಿ ಹೈಕಳ ಜೊತೆ ಸೇರಬೇಡ' ಅಂತ ನಮ್ಮ ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ? ಅವರು ಕಲಿಸಿದ ಮುಟ್ಟಾಟವನ್ನೇ ನಾವೂ ಆಡುತ್ತಿದ್ದೇವೆ. ಕಳ್ಳನ ಜಾಗದಲ್ಲಿ ಇನ್ನೊಬ್ಬನನ್ನ ನಿಲ್ಲಿಸಿ.

ಇನ್ನು ನಮ್ಮಲ್ಲಿ ಓದಿ ಕೆಲಸಕ್ಕೆ ಸೇರಿದವರು. ನಮ್ಮ ಅಪ್ಪ ಅವ್ವ 'ಆಡಬೇಡ, ಓದು' ಅಂತ ಹೊಡೆದರು. ಅವರಿಗೆ ಓದು ಒಂದೇ ಬಾಗಿಲು ಕಂಡಿತ್ತು, ಅದು ಯಾವ ಗಳಿಗೆಯಲ್ಲಿ ಮುಚ್ಚುತ್ತೋ ಅನ್ನೋ ಭಯ ಇತ್ತು. ಅವರ ಭಯಕ್ಕೆ ನಾವು ಕೈಮುಗಿಯಬೇಕು. ಆದರೆ ಬಾಗಿಲು ದಾಟಿ ಒಳಗೆ ಬಂದ ನಾವು ನಮ್ಮ ಮಕ್ಕಳನ್ನ ಬೆಳಿಗ್ಗೆ ಟ್ಯೂಷನ್ನಿಗೆ, ಸಂಜೆ ಟ್ಯೂಷನ್ನಿಗೆ ಅಟ್ಟಿ, ಮೂರು ವರ್ಷದ ಕೂಸಿಗೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಾ ಇದ್ದೇವಲ್ಲ, ಇದಕ್ಕೆ ಯಾವ ನೆವ ಹೇಳೋಣ? ಮೇಲಿನವರ ಮಕ್ಕಳನ್ನ ಸರಿಗಟ್ಟಬೇಕು ಅಂತ ಓಡುವ ಓಟದಲ್ಲಿ ನಮ್ಮ ಮಕ್ಕಳ ಕಾಲೇ ಮುರಿಯುತ್ತಾ ಇದ್ದೇವೆ. ಪ್ರಶ್ನೆ ಕೇಳುವ ಮಗು ಬೇಕೋ, ಉತ್ತರ ಒಪ್ಪಿಸುವ ಮಗು ಬೇಕೋ, ಮೊದಲು ತೀರ್ಮಾನ ಮಾಡಿಕೊಳ್ಳೋಣ. ಚಳವಳಿಗೆ ಬೇಕಾದ್ದು ಮೊದಲನೆಯದು. ಅದು ಆಟದಲ್ಲಿ ಹುಟ್ಟುತ್ತೆ, ಟ್ಯೂಷನ್ನಿನಲ್ಲಿ ಅಲ್ಲ.

*

ಹಾಗಾದರೆ ಏನು ಮಾಡೋಣ? ಕೂಗಿ ಸುಮ್ಮನಾಗೋಕೆ ಈ ಪುಟ ಅಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನಾಳೆ ಬೆಳಿಗ್ಗೆಯಿಂದಲೇ ನೀವು ಮಾಡಬಹುದಾದ್ದು ಇದೆ. ಆಟದ ಪೀರಿಯಡ್ಡಿನಲ್ಲಿ ಯಾವ ಮಗುವಿನ ಕೈಗೂ ಪೊರಕೆ ಕೊಡಬೇಡಿ. ತಂಡ ಮಾಡೋದನ್ನ ಹುಡುಗರಿಗೇ ಬಿಟ್ಟರೆ ಬೀದಿಗೊಂದು ತಂಡ ಆಗುತ್ತೆ. ಚೀಟಿ ಎತ್ತಿಸಿ, ಬೆರೆಸಿ. ಕೇರಿಯ ಹುಡುಗನನ್ನ ನಾಯಕ ಮಾಡಿ, ಹುಡುಗಿಯನ್ನ ನಾಯಕಿ ಮಾಡಿ. ಎಲ್ಲರಿಗೂ ಒಂದೇ ಕೊಡ, ಒಂದೇ ಲೋಟ. ಚೌಕಾಬಾರವನ್ನ, ಅಳಗುಳಿಮಣೆಯನ್ನ ಲೆಕ್ಕದ ಪಾಠಕ್ಕೆ ತನ್ನಿ. ಕೇರಿಯ ಮಾತನ್ನ ಕನ್ನಡದ ಪಾಠಕ್ಕೆ ತನ್ನಿ. 'ಹಂಗಲ್ಲ, ಹಾಗೆ ಅನ್ನು' ಅಂತ ಬಾಯಿ ಮುಚ್ಚಿಸುವ ಮೊದಲು ಮಗು ಹೇಳಿದ್ದನ್ನ ಪೂರಾ ಕೇಳಿ. ತಂಡ ಬೆರೆಸಿದ್ದಕ್ಕೆ ಊರವರು ಗಲಾಟೆಗೆ ಬಂದರೆ ನೀವು ಒಬ್ಬರೇ ಅಲ್ಲ. ಸಂಘಟನೆಗೆ ಹೇಳಿ ಕಳಿಸಿ.

ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅವ್ವಂದಿರ, ಅಜ್ಜಿಯರ ಹತ್ತಿರ ಕೂತು ಅವರು ಆಡಿದ ಆಟಗಳನ್ನ ಬರಕೊಳ್ಳಿ. ಎಷ್ಟು ಗುಳಿ, ಎಷ್ಟು ಬೀಜ, ಏನು ನಿಯಮ, ಸೋತವರು ಏನು ಮಾಡಬೇಕು, ಎಲ್ಲವನ್ನೂ. ನಮ್ಮ ಜನರ ಬುದ್ಧಿಯ ದಾಖಲೆ ಅದು. ಬೇರೆ ಯಾರೂ ಬರೆಯೋಲ್ಲ.

ಸಂಘಟನೆಯ ಗೆಳೆಯರೇ, ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸ್ಮಶಾನ ಇದೆ, ನಿವೇಶನ ಇದೆ, ಸಮುದಾಯ ಭವನ ಇದೆ. ಸತ್ತ ಮೇಲೆ ಹೂಳೋಕೆ ಜಾಗ ಕೇಳಿದ್ದೇವೆ, ಸರಿ. ಹುಟ್ಟಿದ ಮೇಲೆ ಓಡೋಕೆ ಜಾಗ ಕೇಳಿದ್ದೇವೆಯೇ? ಪ್ರತಿ ಕೇರಿಯ ಮಗ್ಗುಲಲ್ಲೂ ಆಟದ ಬಯಲು ಬೇಕು ಅಂತ ಪಟ್ಟಿಗೆ ಸೇರಿಸಿ. ಒತ್ತುವರಿಯಾದ ಗೋಮಾಳದ ದಾಖಲೆ ತೆಗೆಸಿ ತಹಸೀಲ್ದಾರರ ಮುಂದಿಡಿ. 2016ರ ತಿದ್ದುಪಡಿಯ ಆ ಕಿಂಡಿ ಮುಚ್ಚಿ ಅಂತ ಕೇಳಿ. ಅಂಗನವಾಡಿಯ ಅಕ್ಕಂದಿರು ಬೀದಿಗೆ ಬಂದಾಗ ಅವರ ಪಕ್ಕ ನಿಲ್ಲಿ. ನಮ್ಮ ಮಕ್ಕಳ ಮೊದಲ ಆಟ ಅವರ ಕೈಯಲ್ಲಿದೆ.

ಮತ್ತೆ ಕೇರಿಯ ಅಪ್ಪ ಅವ್ವಂದಿರೇ, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವರು ನಾವಲ್ಲ. ಒಂದೇ ಮಾತು. ಸಂಜೆ ಒಂದು ಗಂಟೆ ಹೊತ್ತು ಹುಡುಗಿಯ ಸೊಂಟದಿಂದ ಕೂಸನ್ನ ನೀವು ಇಸಕೊಳ್ಳಿ. ಅವಳು ಓಡಲಿ. ಬಿದ್ದರೆ ಏಳುತ್ತಾಳೆ.

ಮಾಯಾಪೆಟ್ಟಿಗೆ ಮಾಡಿದವರಿಗೂ ಒಂದು ಮಾತು ಹೇಳಿ ಮುಗಿಸುತ್ತೇವೆ. ನಿಮ್ಮ ಗೊಂಬೆ ಬೇಡ ಅಂತ ಅಲ್ಲ. ಕೊಡಿ, ನಮ್ಮ ಮಕ್ಕಳು ಅದರಲ್ಲೂ ಆಡ್ತಾರೆ, ಒಡೆದು ನೋಡ್ತಾರೆ, ಹೊಸದು ಮಾಡ್ತಾರೆ. ಆದರೆ ನಾವು ಕೇಳ್ತಾ ಇರೋದು ಗೊಂಬೆಯನ್ನಲ್ಲ. ನಮ್ಮ ಮಗು ಓಡಿದರೆ ದಂಡ ಬೀಳದ ಊರು ಬೇಕು. ಮುಟ್ಟಿದರೆ ಬೆರಳು ಉಳಿಯುವ ಮೈದಾನ ಬೇಕು. ಒಂದು ಸಲ ನಾವು ಕಳ್ಳರಾದರೆ ಇನ್ನೊಂದು ಸಲ ನೀವೂ ಕಳ್ಳರಾಗುವ ಆಟ ಬೇಕು. ಅಷ್ಟಕ್ಕೂ ಅದೇ ಅಲ್ಲವೇ ಆಟದ ನಿಯಮ?

ಆಟಕ್ಕೂ ನಾವುಂಟು. ಇನ್ನು ಮೇಲೆ ಲೆಕ್ಕಕ್ಕೂ ನಾವುಂಟು.